ಅಗೆಯುವ ಮುನ್ನ ನೆಲದೊಳಗೇನಿದೆ ಎಂದು ನೋಡಲಿ

ಮಾನ್ಯರೇ,

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಕಳೆದ ವಾರ ಕೇಬಲ್ ಹಾಕಲು ಬಂದ ಜೆಸಿಬಿ ಕುಡಿಯುವ ನೀರಿನ ಕೊಳವೆಯನ್ನು ಒಡೆದುಹಾಕಿತು. ದಿನಗಟ್ಟಲೆ ಕಾದ ನೀರು ಕಣ್ಣೆದುರೇ ಗಟಾರ ಸೇರಿತು. ಅಲ್ಲಿಂದ ಒಂದು ಮೊಳವೂ ದೂರವಿಲ್ಲದಂತೆ ವಿದ್ಯುತ್ ಕೇಬಲ್ ಇತ್ತೆಂಬುದು ಮಣ್ಣು ಸರಿಸಿದಾಗಲೇ ತಿಳಿಯಿತು. ಬಕೆಟ್ಟಿನ ಹಲ್ಲು ಅದಕ್ಕೆ ತಾಗಿದ್ದರೆ ಗುಂಡಿಯಲ್ಲಿದ್ದ ಕಾರ್ಮಿಕರ ಗತಿಯೇನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಅಗೆಯುವವರು ಮುಂಚಿತವಾಗಿ ತಿಳಿಸಿ, ಆ ಜಾಗದಲ್ಲಿ ಕೊಳವೆ, ಕೇಬಲ್ ಹೂತಿರುವ ಸಂಸ್ಥೆಗಳಿಗೆ ಸೂಚನೆ ತಲುಪಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಆರಂಭಿಸಿದೆ. ಆದರೆ ಆ ಸಂಸ್ಥೆಗಳ ಬಳಿಯಿರುವ ನಕ್ಷೆಯೊಂದನ್ನೇ ನಂಬುವಂತಿಲ್ಲ. ಲೋಕೇಟರ್ ಯಂತ್ರ ಲೋಹದ ಕೊಳವೆ, ಕೇಬಲ್‌ಗಳನ್ನು ಗುರುತಿಸಬಲ್ಲದೇ ಹೊರತು, ಜೊತೆಗೆ ತಂತಿ ಹಾಕದೆ ಹೂತ ಪ್ಲಾಸ್ಟಿಕ್ ಕೊಳವೆಯನ್ನಲ್ಲ. ನೆಲದೊಳಕ್ಕೆ ರೇಡಿಯೊ ಅಲೆ ಹಾಯಿಸುವ ರೇಡಾರ್ ಪ್ಲಾಸ್ಟಿಕ್ಕನ್ನೂ ತೋರಿಸಬಲ್ಲದಾದರೂ, ನಮ್ಮ ಭಾಗದ ಹಸಿ ಎರೆಮಣ್ಣಿನಲ್ಲಿ ಆ ಅಲೆಗಳು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಗುರುತು ಹಾಕಿದ ಕಡೆ ಮೊದಲು ಕೈಯಿಂದಲೇ ಎಚ್ಚರದಿಂದ ಪರೀಕ್ಷಾ ಗುಂಡಿ ತೆಗೆದು, ಕೊಳವೆ, ಕೇಬಲ್‌ಗಳನ್ನು ಕಣ್ಣಾರೆ ಕಂಡ ನಂತರವೇ ಯಂತ್ರ ಇಳಿಸಬೇಕು. ಅಲ್ಲಿಯೂ ಹಾರೆಯನ್ನು ಬೀಸಿ ಹೊಡೆಯಬಾರದು. ಅದರ ಮೊನೆಯೊಂದೇ ಕೇಬಲ್ ಸೀಳಲು ಸಾಕು.

ರಸ್ತೆ ಅಗೆತಕ್ಕೆ ಅನುಮತಿ ನೀಡುವಾಗಲೇ ಮಹಾನಗರ ಪಾಲಿಕೆ ಇದನ್ನು ಕಡ್ಡಾಯ ಷರತ್ತಾಗಿಸಲಿ. ಅಗೆದಾಗ ಸಿಕ್ಕ ಕೊಳವೆ, ಕೇಬಲ್‌ಗಳ ಆಳವನ್ನೂ ದಿಕ್ಕನ್ನೂ ಗುಂಡಿ ಮುಚ್ಚುವ ಮೊದಲೇ ದಾಖಲಿಸಿ, ಎಲ್ಲ ಇಲಾಖೆಗಳಿಗೂ ಒದಗಿಸುವ ವ್ಯವಸ್ಥೆಯಾಗಲಿ.

– ಓಣಿಯ ನಿವಾಸಿ, ಹುಬ್ಬಳ್ಳಿ