ಸಾರಿಗೆ ಸಚಿವರಿಗೆ ಬಹಿರಂಗ ಪತ್ರ: ನಮ್ಮ ಬೈಕಿಗೂ ಒಂದು ಗೂಟ ಕೊಡಿ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರಗಳು.

ನಾನು ಪೀಣ್ಯದಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಗೇಟು, ಗ್ರಿಲ್ಲು, ಶೆಡ್ಡಿನ ಕಂಬಗಳು ಎಂದು 22 ವರ್ಷದಿಂದ ಕಬ್ಬಿಣ ಕತ್ತರಿಸಿ ಬೆಸೆಯುವುದೇ ನನ್ನ ಜೀವನ. ಮಂತ್ರಿಗಳಿಗೆ ಪತ್ರ ಬರೆದು ರೂಢಿಯಿಲ್ಲ. ಈ ವಿಷಯವಾಗಿ ಎರಡು ಕಡೆ ಅರ್ಜಿ ಕೊಟ್ಟಾಗಿದೆ. ಎರಡಕ್ಕೂ ಚೆಂದದ ಮುದ್ರೆ ಬಿತ್ತು, ಅಷ್ಟಕ್ಕೇ ನಿಂತಿತು. ಅದಕ್ಕೇ ಈ ಬಾರಿ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟು. ಬಸ್ ನಿಲ್ದಾಣಗಳಲ್ಲಿ ರಾತ್ರಿ ಬೈಕ್ ನಿಲ್ಲಿಸಲು ಹಣ ವಸೂಲಿ ಮಾಡುವ ಪ್ರತಿಯೊಂದು ಜಾಗದಲ್ಲೂ ಬೈಕನ್ನು ಕಟ್ಟಿಹಾಕಲು ನೆಲಕ್ಕೆ ಹೂತ ಕಬ್ಬಿಣದ ಗೂಟ ಇರಬೇಕು. ಚೀಟಿಯ ಹಿಂದೆ ಅಚ್ಚು ಹಾಕಿರುವ ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಸಾಲು ಹೋಗಬೇಕು. ನಿಯಮಗಳೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ನಾನು ನನಗಾದದ್ದನ್ನು ಮಾತ್ರ ಹೇಳುತ್ತೇನೆ.

ನನ್ನ ಮನೆ ಸುಂಕದಕಟ್ಟೆಯಲ್ಲಿ. ತಾಯಿ ಇರುವುದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಎರಡು ವರ್ಷದ ಕೆಳಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಕ್ಕ ನೋಡಿಕೊಳ್ಳುತ್ತಾಳೆ. ಹದಿನೈದು ದಿನಕ್ಕೊಮ್ಮೆ ನಾನು ಶನಿವಾರ ಕೆಲಸ ಮುಗಿಸಿ ರಾತ್ರಿ ಬಸ್ ಹಿಡಿದು ಹೋಗುತ್ತೇನೆ, ಭಾನುವಾರ ಔಷಧಿ, ಲೆಕ್ಕ, ಮಾತು ಎಲ್ಲ ಮುಗಿಸಿ ಮತ್ತೆ ರಾತ್ರಿ ಬಸ್ ಹತ್ತುತ್ತೇನೆ. ಸೋಮವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದು, ಮನೆಗೆ ಹೋಗಿ ಎರಡು ಚೊಂಬು ನೀರು ಹುಯ್ದುಕೊಂಡು, ಎಂಟಕ್ಕೆ ಶೆಡ್ಡಿನಲ್ಲಿರಬೇಕು. ನಾಲ್ಕೂವರೆಗೆ ಇಳಿದರೆ ನಮ್ಮ ಕಡೆಯ ಸಿಟಿ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ. ಆಟೊಗಳಿಗೆ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮೀಟರಿನ ಒಂದೂವರೆ ಪಟ್ಟು ಎಂಬುದು ಸರ್ಕಾರವೇ ಮಾಡಿದ ದರ. ಮೀಟರನ್ನೇ ಹಾಕದವರಿಗೆ ಅರ್ಧ ಯಾವುದು, ಇಡೀ ಯಾವುದು? ಹಾಗಾಗಿ ಬೈಕನ್ನು ನಿಲ್ದಾಣದ ಪಾರ್ಕಿಂಗ್‌ನಲ್ಲಿ ಬಿಟ್ಟು ಹೋಗುವುದು ಅಭ್ಯಾಸ. ಯಾವ ನಿಲ್ದಾಣ ಎಂದು ಬರೆಯುವುದಿಲ್ಲ. ಬರೆದರೆ ಅಲ್ಲಿ ಚೀಟಿ ಹರಿಯುವ ಹುಡುಗನ ಕೆಲಸ ಹೋಗುತ್ತದೆಯೇ ಹೊರತು ಗುತ್ತಿಗೆದಾರನ ಕೂದಲೂ ಕೊಂಕುವುದಿಲ್ಲ.

ಕಳೆದ ಡಿಸೆಂಬರಿನ ಒಂದು ಸೋಮವಾರ. ಒಂದು ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ. ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡೇ ನಡೆದೆ. ನನ್ನದು 2015ರ ಮಾಡೆಲ್ಲಿನ 100 ಸಿಸಿ ಗಾಡಿ. ಇಂಜಿನ್ನಿನ ಅಡಿಯಿಂದ ಆಯಿಲ್ ತೊಟ್ಟಿಕ್ಕುವ ಚಾಳಿ ಅದಕ್ಕಿತ್ತು. ಒಂದು ದಿನ ನಿಂತಲ್ಲಿ ನಿಂತರೆ ಹಳೆಯ ಎಂಟಾಣೆ ನಾಣ್ಯದಷ್ಟು ಕಲೆ ಬೀಳುತ್ತಿತ್ತು. ಆ ದಿನ ಕಲೆ ಇತ್ತು, ಬೈಕ್ ಇರಲಿಲ್ಲ. ಎಡಬಲದ ಗಾಡಿಗಳು ಮಾತ್ರ ಏನೂ ಅರಿಯದವರಂತೆ ನಿಂತಿದ್ದವು. ನಾನು ಬಗ್ಗಿ ಆ ಕಲೆಗೆ ಬೆರಳು ಹಚ್ಚಿ ನೋಡಿದೆ, ಯಾಕೆಂದು ಈಗಲೂ ಗೊತ್ತಿಲ್ಲ. ಇನ್ನೂ ಹಸಿಯಾಗಿತ್ತು.

ಮಂಕಿ ಟೋಪಿ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಹುಡುಗನನ್ನು ಎಬ್ಬಿಸಿದೆ. ಅವನು ನನ್ನ ಚೀಟಿಯನ್ನು ಮೊಬೈಲ್ ಬೆಳಕಿನಲ್ಲಿ ಹಿಡಿದು ನೋಡಿ, “ಅಣ್ಣ, 24 ಗಂಟೆ ಮೀರಿದೆ. ಇನ್ನೂ 30 ರೂಪಾಯಿ ಕೊಡಬೇಕು” ಎಂದ.

“ಯಾವುದಕ್ಕಪ್ಪ?”

“ಗಾಡಿ ನಿಲ್ಲಿಸಿದ್ದಕ್ಕೆ.”

“ಗಾಡಿಯೇ ಇಲ್ಲವಲ್ಲ.”

“ನಿಲ್ಲಿಸಿದ್ದಂತೂ ಹೌದಲ್ಲ ಅಣ್ಣ” ಎಂದವನೇ ಚೀಟಿಯನ್ನು ತಿರುಗಿಸಿ ಹಿಂದಿನ ಸಾಲನ್ನು ತೋರಿಸಿದ. ಮಾಲೀಕರೇ ಜವಾಬ್ದಾರರು.

ಸ್ವಾಮಿ, ನಾನು ಆ 30 ರೂಪಾಯಿ ಕೊಟ್ಟೆ. ಕೊಡದಿದ್ದರೆ ಚೀಟಿ ವಾಪಸ್ ಇಲ್ಲ ಎಂದ. ಚೀಟಿಯಿಲ್ಲದೆ ದೂರು ಹೇಗೆ ಕೊಡಲಿ? ನನ್ನ ಬೈಕನ್ನು ಕಳ್ಳ ಎಷ್ಟು ಗಂಟೆಗೆ ಒಯ್ದನೋ ತಿಳಿಯದು. ಅವನು ಒಯ್ದ ಮೇಲೂ ಅದು ಅಲ್ಲಿ ನಿಂತಿತ್ತೆಂದು ಬಾಡಿಗೆ ಕಟ್ಟಿ ಬಂದವನು ನಾನು. ಇದನ್ನು ಹೇಳಿದಾಗ ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಒಂದು ವಾರ ಬಾಳಿತು.

ಹಾಗೆಂದು ನಾನು ಉಡಾಫೆಯವನಲ್ಲ. ಹ್ಯಾಂಡಲ್ ಲಾಕ್ ಒಂದು ಒದೆತಕ್ಕೆ ಮುರಿಯುತ್ತದೆ, ಇಗ್ನಿಷನ್ ವೈರ್ ಕಿತ್ತು ಜೋಡಿಸಲು ಬಲ್ಲವನಿಗೆ ಎರಡು ನಿಮಿಷ ಬೇಡ ಎಂಬುದು ಬೈಕ್ ಓಡಿಸುವ ಎಲ್ಲರಿಗೂ ಗೊತ್ತು. ಡ್ರಮ್ ಬ್ರೇಕಿನ ಹಳೆಯ ಗಾಡಿಗೆ ಡಿಸ್ಕ್ ಲಾಕ್ ಹಾಕಲು ಬರುವುದಿಲ್ಲ. ಅದಕ್ಕೇ 10 ಎಂಎಂ ಸರಪಳಿ ತಂದು, ಬಣ್ಣ ಕೆರೆಯದಿರಲೆಂದು ಅದಕ್ಕೆ ಸೈಕಲ್ ಟ್ಯೂಬ್ ತೊಡಿಸಿ, ಹಿಂದಿನ ಚಕ್ರವನ್ನೂ ಚಾಸಿಸ್ಸನ್ನೂ ಸೇರಿಸಿ ಬಿಗಿದು ಬೀಗ ಜಡಿದು ಹೋಗುತ್ತಿದ್ದೆ. ಆದರೆ ನೆಲಕ್ಕೋ ಕಂಬಕ್ಕೋ ಕಟ್ಟದ ಸರಪಳಿ ಕಾಲಿಗೆ ಹಾಕಿದ ಗೆಜ್ಜೆಯಂತೆ, ನೋಡಲು ಚೆಂದ. 110 ಕಿಲೋದ ಗಾಡಿಯನ್ನು ಇಬ್ಬರು ಎತ್ತಿ ಗೂಡ್ಸ್ ಆಟೊಗೆ ಹಾಕಿದರೆ ಕೆಲಸ ಮುಗಿಯಿತು. ಸರಪಳಿ ಸಮೇತ ಹೋಯಿತು. ನನಗೆ ಬೇಕಿದ್ದದ್ದು ಆ ಸರಪಳಿಯ ಇನ್ನೊಂದು ತುದಿಯನ್ನು ಸಿಕ್ಕಿಸಲು ಒಂದು ಗೂಟ.

ನಮ್ಮೂರಿನ ಕಡೆ ಸಂತೆಗೆ ಬಂದ ಎತ್ತಿಗೂ ಗೂಟ ಇರುತ್ತದೆ. ಸಂತೆ ಸುಂಕ ತೆಗೆದುಕೊಂಡವನು ಎತ್ತು ಕಟ್ಟಲು ಜಾಗ ತೋರಿಸುತ್ತಾನೆ. ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ, ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳೇ ಇರುವ ಈ ಊರಿನಲ್ಲಿ ಸುಂಕ ಮಾತ್ರ ಇದೆ, ಗೂಟ ಇಲ್ಲ.

ಇನ್ಶೂರೆನ್ಸ್ ಇತ್ತೇ ಎಂದು ನೀವು ಕೇಳಬಹುದು, ಎಲ್ಲರೂ ಕೇಳುತ್ತಾರೆ. ಥರ್ಡ್ ಪಾರ್ಟಿ ಇತ್ತು. ಕಳುವಿಗೆ ಅದರಲ್ಲಿ ಒಂದು ಪೈಸೆಯೂ ಬರುವುದಿಲ್ಲ. ಹಳೆಯ ಗಾಡಿಗೆ ಫುಲ್ ಇನ್ಶೂರೆನ್ಸ್ ಯಾಕೆ ಎಂಬ ಮಾತು ಕೇಳಿ ಹಣ ಉಳಿಸಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಂಡೆ. ನನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಲು ನಾನೊಬ್ಬ ಸಿದ್ಧನಿದ್ದೇನೆ, ಉಳಿದವರು ಯಾರೂ ಇಲ್ಲ.

ಪೊಲೀಸ್ ಠಾಣೆಯ ಕತೆ ಉದ್ದವಿದೆ, ಅದು ನಿಮ್ಮ ಇಲಾಖೆಯಲ್ಲ, ಬಿಡಿ. ದೂರು ಯಾವ ಠಾಣೆಯಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೇ ಇದೆಯಂತೆ. ನನಗೆ ಸಿಕ್ಕ ಉತ್ತರ ‘ಎರಡು ದಿನ ನೀವೇ ಹುಡುಕಿ ನೋಡಿ’. ಹುಡುಕಿದೆ. ಮೂರನೆಯ ದಿನ ಎಫ್‌ಐಆರ್ ಆಯಿತು.

ಹನ್ನೊಂದನೆಯ ದಿನ ನನ್ನ ಮೊಬೈಲಿಗೆ ಸಂದೇಶ ಬಂತು. ಬೈಕ್ ಸಿಕ್ಕಿತು ಎಂದುಕೊಂಡೆ. ಹೆಲ್ಮೆಟ್ ಇಲ್ಲದೆ ಓಡಿಸಿದ್ದಕ್ಕೆ 500 ರೂಪಾಯಿ ದಂಡ! ಮಗಳು ನೋಟಿಸಿನಲ್ಲಿದ್ದ ಫೋಟೊ ತೆರೆದು ತೋರಿಸಿದಳು. ನನ್ನದೇ ಬೈಕ್. ಓಡಿಸುವವನ ತಲೆ ಬರಿದು. ಹಿಂದೆ ಕುಳಿತವನು ನನ್ನ ಹೆಲ್ಮೆಟ್ ಹಾಕಿಕೊಂಡಿದ್ದ. ಬಿರುಕು ಬಿಟ್ಟಲ್ಲಿ ನಾನು ಸುತ್ತಿದ್ದ ಹಳದಿ ಟೇಪ್ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದಿನ ಎರಡು ವಾರದಲ್ಲಿ ಇನ್ನೆರಡು ನೋಟಿಸ್ ಬಂದವು. ಅದೇ ಸಿಗ್ನಲ್, ಅದೇ ಬೆಳಿಗ್ಗೆ 8:50. ಅಂದರೆ ಅವನಿಗೂ ಒಂದು ನೌಕರಿ ಇದೆ, ಹೊತ್ತಿಗೆ ಸರಿಯಾಗಿ ಹೋಗುವ ಶಿಸ್ತಿದೆ, ಹೆಲ್ಮೆಟ್ ಒಂದು ಕಡಿಮೆ. ಮೂರೂ ಫೋಟೊ ಹಿಡಿದು ಹೋದರೆ ಆ ಸಿಗ್ನಲ್ ಬೇರೆ ವ್ಯಾಪ್ತಿಗೆ ಬರುತ್ತದೆ ಎಂದರು. ದಂಡವಂತೂ ಯಾವ ವ್ಯಾಪ್ತಿಯೂ ಇಲ್ಲದೆ ನೇರ ನನ್ನ ಮನೆಗೇ ಬರುತ್ತಿದೆ. 2023ರಲ್ಲಿ, 2025ರಲ್ಲಿ ಅರ್ಧ ದಂಡದ ರಿಯಾಯಿತಿ ಕೊಟ್ಟಿದ್ದರಲ್ಲ, ಮತ್ತೆ ಕೊಟ್ಟಾಗ ಕಟ್ಟು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟಿದ್ದಾನೆ.

ಆ ನೋಟಿಸ್ ಬಂದದ್ದಾದರೂ ಹೇಗೆ? ನೀವು ಹಾಕಿಸಿಕೊಳ್ಳಿ ಎಂದ ಅತಿ ಸುರಕ್ಷಿತ ನಂಬರ್ ಪ್ಲೇಟಿನ ದಯೆಯಿಂದ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೆಲ್ಲ ಅದು ಕಡ್ಡಾಯ ಎಂದಾಗ, ಗಡುವನ್ನು ಮೇಲಿಂದ ಮೇಲೆ ಮುಂದೂಡುತ್ತಿದ್ದರೂ, ನಾನು ಮೊದಲ ಗಡುವಿನೊಳಗೇ ಹಾಕಿಸಿದವನು. ಕಳ್ಳತನ ತಡೆಯುತ್ತದೆ ಎಂದಿದ್ದರು. ಪ್ಲೇಟ್ ಮಾತ್ರ ಈವರೆಗೆ ಕಳುವಾಗಿಲ್ಲ, ಬೈಕಿನ ಮೇಲೆ ಭದ್ರವಾಗಿದೆ.

ಭಾವನ ಮಗ ಕಾನೂನು ಓದುತ್ತಿದ್ದಾನೆ. ಅವನು ಒಂದು ತೀರ್ಪಿನ ವಿಷಯ ಹೇಳಿದ. 1998ರಲ್ಲಿ ದೆಹಲಿಯ ಒಂದು ದೊಡ್ಡ ಹೋಟೆಲಿನಲ್ಲಿ ಅತಿಥಿಯೊಬ್ಬರು ಕಾರಿನ ಕೀಲಿಕೈಯನ್ನು ಸಿಬ್ಬಂದಿಗೆ ಕೊಟ್ಟು ಒಳಗೆ ಹೋಗಿದ್ದರು, ಕಾರು ಕಳುವಾಯಿತು. ಅಲ್ಲಿನ ಚೀಟಿಯಲ್ಲೂ ಮಾಲೀಕರದೇ ಜವಾಬ್ದಾರಿ ಎಂದೇ ಇತ್ತು. 2019ರಲ್ಲಿ ಸುಪ್ರೀಂ ಕೋರ್ಟ್, ಬರಿ ಆ ಸಾಲು ತೋರಿಸಿ ನೀವು ಜಾರಿಕೊಳ್ಳುವಂತಿಲ್ಲ ಎಂದಿತು. ಇನ್ನೊಬ್ಬರ ವಸ್ತುವನ್ನು ವಶಕ್ಕೆ ತೆಗೆದುಕೊಂಡವನು ಅದನ್ನು ತನ್ನ ಸ್ವಂತದ್ದರಂತೆ ಜೋಪಾನ ಮಾಡಬೇಕು ಎಂಬುದು 1872ರ ಕರಾರು ಕಾಯ್ದೆಯ 151ನೆಯ ಕಲಮಿನಲ್ಲೇ ಇದೆಯಂತೆ. ಆದರೆ, ಮಾವ, ನಿಮ್ಮ ಕೀಲಿಕೈ ನಿಮ್ಮ ಜೇಬಿನಲ್ಲೇ ಇತ್ತಲ್ಲ, ಆ ತೀರ್ಪು ನಿಮಗೆ ನೇರವಾಗಿ ಒದಗುವುದು ಕಷ್ಟ ಎಂದೂ ಹೇಳಿದ. ಸರಿ. ನಾನು ಕೋರ್ಟಿಗೆ ಹೋಗುವವನೂ ಅಲ್ಲ, ವಕೀಲರ ಫೀಸಿಗೆ ಇನ್ನೊಂದು ಹಳೆಯ ಬೈಕ್ ಬರುತ್ತದೆ. ಪಾರ್ಕಿಂಗ್ ಗುತ್ತಿಗೆ ಕೊಡುವಾಗ ಟೆಂಡರಿನ ಷರತ್ತಿನಲ್ಲೇ ಎರಡು ಸಾಲು ಸೇರಿಸಿದರೆ ಯಾರೂ ಕೋರ್ಟಿಗೆ ಹೋಗಬೇಕಾಗಿಲ್ಲ: ಗೂಟ ಇರಬೇಕು, ಹಣ ತೆಗೆದುಕೊಂಡವನೇ ಜವಾಬ್ದಾರ.

ಗೂಟಕ್ಕೆ ಎಷ್ಟು ಖರ್ಚು ಎಂದು ಯಾರಾದರೂ ಅಧಿಕಾರಿ ಕಡತದಲ್ಲಿ ಬರೆಯುವ ಮೊದಲೇ ನಾನು ಹೇಳಿಬಿಡುತ್ತೇನೆ, ಇದೊಂದು ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾಗದು. 16 ಎಂಎಂ ಕಂಬಿ ಒಂದು ಮೀಟರ್, ತೂಕ ಒಂದೂವರೆ ಕಿಲೋಗಿಂತ ತುಸು ಹೆಚ್ಚು. ಅದನ್ನು ಕುದುರೆ ಲಾಳದಂತೆ ಬಗ್ಗಿಸಿ, ಮೇಲಕ್ಕೆ ಎಳೆದರೆ ಬಾರದ ಹಾಗೆ ಎರಡೂ ಕಾಲಿನ ತುದಿಯನ್ನು ಹೊರಕ್ಕೆ ಮಡಚಿ, ಮುಕ್ಕಾಲಡಿ ಕಾಂಕ್ರೀಟ್‌ನಲ್ಲಿ ಹೂಳಬೇಕು. ಕಬ್ಬಿಣ, ಸಿಮೆಂಟ್, ಕೂಲಿ ಎಲ್ಲ ಸೇರಿ ನನ್ನ ಲೆಕ್ಕದಲ್ಲಿ 400-500 ರೂಪಾಯಿ. ಒಂದು ಗೂಟಕ್ಕೆ ಆಚೆಗೊಂದು ಈಚೆಗೊಂದು ಎರಡು ಬೈಕ್ ಕಟ್ಟಬಹುದು. ಸರಪಳಿ ನಮ್ಮದು, ಬೀಗ ನಮ್ಮದು. ಗ್ರೈಂಡರ್ ತಂದರೆ ಯಾವ ಕಬ್ಬಿಣವೂ ತುಂಡಾಗುತ್ತದೆ, ಅದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದರೆ ಗ್ರೈಂಡರಿನ ಸದ್ದಿಗೆ ಆ ಮಂಕಿ ಟೋಪಿಯ ಹುಡುಗನಾದರೂ ಎದ್ದಾನು.

ಶಕ್ತಿ ಯೋಜನೆ ಬಂದ ಮೇಲೆ ನನ್ನ ಹೆಂಡತಿ ಸಾಗರದವರೆಗೆ ಟಿಕೆಟಿಗೆ ದುಡ್ಡು ಕೊಡದೆ ಹೋಗಿ ಬರುತ್ತಾಳೆ, ಅದಕ್ಕೆ ನಿಮ್ಮ ಸರ್ಕಾರವನ್ನು ನೆನೆಯುತ್ತೇವೆ. ಅವಳನ್ನು ನಿಲ್ದಾಣಕ್ಕೆ ಬಿಟ್ಟು ಬರುತ್ತಿದ್ದ ಬೈಕಿನ ಗತಿ ಇದು. ಬಸ್ ಹತ್ತಿಸುವುದಷ್ಟೇ ಸಾರಿಗೆಯೇ? ಬಸ್ಸಿಳಿದವನು ಮನೆ ಸೇರುವುದೂ ಸಾರಿಗೆಯೇ ಅಲ್ಲವೇ?

ಹಿಂದೆ ಮಂತ್ರಿಗಳ ಕಾರಿಗೆ ನಮ್ಮ ಜನ ಗೂಟದ ಕಾರು ಎನ್ನುತ್ತಿದ್ದರು. ಆ ಕೆಂಪು ದೀಪದ ಗೂಟ 2017ರ ಮೇ 1ರಿಂದ ದೇಶದಲ್ಲೆಲ್ಲ ಹೋಯಿತು. ಗೂಟ ಇಲ್ಲದಿದ್ದರೆ ಏನನ್ನಿಸುತ್ತದೆ ಎಂದು ನಿಮ್ಮ ವಲಯದಲ್ಲಿ ಹಳಬರು ಯಾರಾದರೂ ಹೇಳಿಯಾರು. ನಾವು ಕೇಳುವುದು ನೆತ್ತಿಯ ಮೇಲಿನದ್ದಲ್ಲ, ನೆಲದಲ್ಲಿ ಹೂಳುವಂಥದ್ದು. ಕೊಡಿಸಿ.

ಈ ಶನಿವಾರ ಮತ್ತೆ ಊರಿಗೆ ಹೋಗಬೇಕು. ಭಾವಮೈದುನ ತನ್ನ ಸ್ಕೂಟರ್ ಕೊಡುತ್ತೇನೆ ಎಂದಿದ್ದ. ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿದ. ಹೇಳಿದೆ. ಕೊಡಲಿಲ್ಲ.

ನಿನ್ನೆ ಊಟದ ಬಿಡುವಿನಲ್ಲಿ ಒಂದು ಗೂಟ ಬಗ್ಗಿಸಿ, ತುಕ್ಕು ಹಿಡಿಯದಿರಲೆಂದು ಕೆಂಪು ರೆಡ್ ಆಕ್ಸೈಡ್ ಬಳಿದು ಒಣಗಲು ಇಟ್ಟಿದ್ದೇನೆ. ಮಾದರಿ ಬೇಕಿದ್ದರೆ ವಿಧಾನಸೌಧಕ್ಕೆ ತಂದು ಒಪ್ಪಿಸುತ್ತೇನೆ. ಬಸ್ಸಿನಲ್ಲೇ ಬರುತ್ತೇನೆ, ನನ್ನ ಪಾರ್ಕಿಂಗ್‌ಗೆ ಜಾಗ ಬೇಡ.

ಇಂತಿ ತಮ್ಮ ವಿಶ್ವಾಸಿ,
ಸುಂಕದಕಟ್ಟೆಯ ಒಬ್ಬ ವೆಲ್ಡರ್

ವಿ.ಸೂ.: ನಾಲ್ಕನೆಯ ನೋಟಿಸ್ ಇಂದು ಬಂತು. ಅದೇ ಸಿಗ್ನಲ್, 8:57. ಅವನಿಗೆ ಇವತ್ತು ತಡವಾಗಿರಬೇಕು.