ಮೀನಿನ ಹೊಂಡಕ್ಕೆ ಶೀಟ್ ಹಾಸುವ ಮೊದಲು ಇದನ್ನು ಓದು

ಮಗಾ,

ನೀನು ಕಳಿಸಿದ ಫೋಟೋ ನೋಡಿದೆ. ಎರಡು ಗುಂಟೆ ಹೊಂಡ, ದಂಡೆ ಚೆನ್ನಾಗಿ ಕೂತಿದೆ, ಆಳವೂ ಐದಾರು ಅಡಿ ಇದ್ದ ಹಾಗಿದೆ. ಆದರೆ ಮುಂದಿನ ವಾರ ಪ್ಲಾಸ್ಟಿಕ್ ಶೀಟ್ ಹಾಸಿಸ್ತೀನಿ ಅಂದಿದ್ದೀಯಲ್ಲ, ಅದನ್ನು ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ಫೋನಲ್ಲಿ ಹೇಳಿದರೆ 'ಹ್ಞೂಂ ದೊಡ್ಡಮ್ಮ' ಅಂದು ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀರು ಇಂಗಿ ಹೋಗುವ ಬಯಲುಸೀಮೆಯವರು ಶೀಟ್ ಹಾಸಲಿ. ನಿನ್ನ ಹೊಂಡದ ಪಕ್ಕದ ಧರೆಯಿಂದ ಬೇಸಿಗೆ ಬರುವವರೆಗೂ ಜಲ ಒಸರುತ್ತದೆ, ನಿನಗ್ಯಾಕೆ ಅದು? ಶೀಟ್ ಹಾಸಿದರೆ ತಳದ ಮಣ್ಣಿಗೂ ನೀರಿಗೂ ಸಂಬಂಧವೇ ಇರುವುದಿಲ್ಲ. ಮೀನಿನ ಊಟ ಶುರುವಾಗುವುದೇ ಆ ಕೆಸರಿನಲ್ಲಿ. ಕೆಸರಿನ ಸಾರ ನೀರಿಗೆ ಇಳಿದು ನೀರು ತೆಳುವಾಗಿ ಹಸಿರಾಗುತ್ತದೆ, ಆ ಹಸಿರನ್ನು ಸಣ್ಣ ಹುಳ ತಿನ್ನುತ್ತವೆ, ಹುಳವನ್ನು ಕಾಟ್ಲಾ ಮೀನು ತಿನ್ನುತ್ತದೆ. ಮೃಗಾಲ್ ಅಂತೂ ತಳಕ್ಕೇ ಬಾಯಿ ಹಾಕುವ ಮೀನು. ಶೀಟಿನ ಮೇಲೆ ಅದು ಏನನ್ನು ಕೆದಕಬೇಕು ಹೇಳು?

ಆದರೆ ನಮ್ಮ ಮಣ್ಣಿಗೊಂದು ಜಿಪುಣತನ ಇದೆ. ಜಂಬಿಟ್ಟಿಗೆ ಸೀಮೆಯ ಕೆಂಪು ಮಣ್ಣು ಹುಳಿ ಮಣ್ಣು, ಅದರಲ್ಲಿ ಕಬ್ಬಿಣ, ಅಲ್ಯುಮಿನಿಯಂ ಜಾಸ್ತಿ. ನೀರನ್ನು ಹಸಿರಾಗಿಸುವುದೇ ಗೊಬ್ಬರದ ರಂಜಕ (ಫಾಸ್ಫರಸ್), ನೀನು ಹಾಕಿದ್ದನ್ನು ಅವು ಹಿಡಿದಿಟ್ಟುಕೊಂಡು ನೀರಿಗೆ ಬಿಡುವುದೇ ಇಲ್ಲ. ಅದಕ್ಕೇ ಹೊಸ ಹೊಂಡದವರು 'ಎಷ್ಟು ಸಗಣಿ ಹಾಕಿದರೂ ನೀರು ಬಣ್ಣವೇ ತಿರುಗಲಿಲ್ಲ' ಅಂತ ಗೋಳಾಡುತ್ತಾರೆ. ಆ ಹುಳಿ ಇಳಿಯೋಕೆ ಮೊದಲು ಸುಣ್ಣ ಹಾಕು. ಗುಂಟೆಗೆ 10 ಕೇಜಿಯಂತೆ ತಳಕ್ಕೂ ದಂಡೆಯ ಒಳಮೈಗೂ ಎರಚಿ, ಹದಿನೈದು ದಿನ ಬಿಟ್ಟು ಆಮೇಲೆ ಸಗಣಿ. ಅದೂ ಎರಡು ಗುಂಟೆಗೆ ವಾರಕ್ಕೆ 5 ಕೇಜಿ ಸಾಕು, ನೀರಲ್ಲಿ ಕದಡಿ ಸುತ್ತಲೂ ಚೆಲ್ಲಬೇಕು.

'ಅಷ್ಟೇನಾ?' ಅಂತ ನಿನಗೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಗೋಬರ್ ಗ್ಯಾಸಿನ ಬಗ್ಗಡ ದಿನಾ ಬರುತ್ತಿತ್ತಲ್ಲ, ಹೊರುವ ಕೆಲಸ ಉಳಿಯಲಿ ಅಂತ ಒಂದು ಪೈಪ್ ಎಳೆದು ನೇರ ಹೊಂಡಕ್ಕೇ ಬಿಟ್ಟೆ. ಎರಡು ತಿಂಗಳು ಮೀನು ಹೇಗೆ ಬೆಳೆದವು ಅಂದರೆ ನಿನ್ನ ದೊಡ್ಡಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ಉತ್ತರೆ ಮಳೆಯಲ್ಲಿ ಮೂರು ದಿನ ಮೋಡ ಕವಿದು ಬಿಸಿಲೇ ಬರಲಿಲ್ಲ. ನಾಲ್ಕನೇ ದಿನ ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವಾಗ ಹೊಂಡದ ಕಡೆಯಿಂದ ಪಚ್ ಪಚ್ ಅಂತ ಸದ್ದು. ಟಾರ್ಚ್ ಬಿಟ್ಟರೆ ನೀರಿನ ಮೇಲೆಲ್ಲ ಬರೀ ಬಾಯಿಗಳು, ತೆರೆಯುತ್ತಿವೆ, ಮುಚ್ಚುತ್ತಿವೆ. ಹೊತ್ತು ಮೂಡುವಷ್ಟರಲ್ಲಿ ದೊಡ್ಡ ಕಾಟ್ಲಾಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಕಾಲಿಟ್ಟರೆ ಕೆಸರು ಮೊಣಕಾಲಿಗೆ ಬಂತು, ಮಸಿಯಂತೆ ಕಪ್ಪು, ಕೊಳೆತ ಮೊಟ್ಟೆ ವಾಸನೆ.

ಆಗಿದ್ದು ಇಷ್ಟೇ. ತಳದಲ್ಲಿ ಕೊಳೆಯುವ ಸಗಣಿಗೂ ಪ್ರಾಣವಾಯು ಬೇಕು, ರಾತ್ರಿ ಹೊತ್ತು ನೀರಿನ ಆ ಹಸಿರಿಗೂ ಬೇಕು. ಬಿಸಿಲಿದ್ದರೆ ಹಗಲಲ್ಲಿ ಹಸಿರೇ ಅದನ್ನು ತಿರುಗಿ ಕೊಡುತ್ತದೆ, ಮೋಡ ಇದ್ದರೆ ಕೊಡುವುದು ಕಡಿಮೆ, ತಿನ್ನುವುದು ಅಷ್ಟೇ. ಇನ್ನೊಂದು ವಿಷಯ ಗೊತ್ತಾ, ತಳದಲ್ಲಿ ಗಾಳಿ ಪೂರ್ತಿ ಮುಗಿದಾಗ ಕಬ್ಬಿಣ ತಾನು ಹಿಡಿದಿಟ್ಟ ರಂಜಕವನ್ನು ಒಮ್ಮೆಲೇ ಬಿಟ್ಟುಬಿಡುತ್ತದೆ, ನೀರು ಇನ್ನೂ ದಟ್ಟ ಹಸಿರಾಗುತ್ತದೆ. ಕೊಡಬೇಕಾದಾಗ ಕೊಡದೆ ಬೇಡವಾದಾಗ ಕೊಡುವ ನೆಂಟರ ಹಾಗೆ.

ನೋಡೋಕೆ ಯಂತ್ರ ಏನೂ ಬೇಡ. ಬೆಳಗ್ಗೆ ಹತ್ತರ ಬಿಸಿಲಲ್ಲಿ ಹೊಂಡಕ್ಕಿಳಿದು ಕೈ ನೆಟ್ಟಗೆ ನೀರಿಗೆ ಇಳಿಸು. ನೀರು ಮೊಣಕೈಗೆ ಬರುವ ಹೊತ್ತಿಗೆ ಅಂಗೈ ಮರೆಯಾದರೆ ಸರಿಯಾಗಿದೆ. ಮಣಿಕಟ್ಟಿಗೇ ಮರೆಯಾದರೆ ಸಗಣಿ, ತಿಂಡಿ ಎರಡನ್ನೂ ನಿಲ್ಲಿಸು. ಮೊಣಕೈ ಮುಳುಗಿದರೂ ಬೆರಳು ಕಾಣುತ್ತಿದ್ದರೆ ಮೀನಿಗೆ ಹಸಿವು. ಮಳೆಯ ಕೆಂಪು ನೀರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅದು ತಿಳಿಯಾಗುವವರೆಗೆ ಕಾಯಬೇಕು.

ತೌಡು, ಹಿಂಡಿಯನ್ನು ಮುಷ್ಟಿಗಟ್ಟಲೆ ಎಸೆಯಬೇಡ. ತೂತು ಮಾಡಿದ ಚೀಲದಲ್ಲಿ ಕಟ್ಟಿ ಇಳಿಬಿಡು, ಸಂಜೆ ಉಳಿದಿದ್ದರೆ ಮಾರನೇ ದಿನ ಕಡಿಮೆ ಮಾಡು. ತಿಂಡಿಯ ಸಾರದಲ್ಲಿ ಸುಮಾರು ಕಾಲು ಪಾಲು ಮಾತ್ರ ಮೀನಿನ ಮೈಗೆ ಸೇರುವುದು, ಉಳಿದದ್ದೆಲ್ಲ ನೀರಿಗೆ, ಕೆಸರಿಗೆ. ಮೀನಿನ ಮರಿಗೆ ಭದ್ರಾ ಅಣೆಕಟ್ಟಿನ ಹತ್ತಿರದ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ವಿಚಾರಿಸು. ಗುಂಟೆಗೆ 50 ಸಾಕು, ಆಸೆಗೆ ಬಿದ್ದು ಐನೂರು ತರಬೇಡ. ಮಳೆಯ ಜೋರು ಇಳಿದ ಮೇಲೆ ಬಿಡು, ಇಲ್ಲದಿದ್ದರೆ ಹೊಂಡ ಕೋಡಿ ಬಿದ್ದು ನಿನ್ನ ಮೀನು ಕೆಳಗಿನ ಗದ್ದೆಯವರ ಸಾರಿಗೆ ಸೇರುತ್ತದೆ.

ಇನ್ನೊಂದು, ಇದು ನಮ್ಮ ಅಡಿಕೆ ಸೀಮೆಗೇ ಸೇರಿದ್ದು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಆ ಡ್ರಮ್, ದೋಟಿ, ಪೈಪು ಯಾವುದನ್ನೂ ಹೊಂಡದಲ್ಲಿ ತೊಳೆಯೋಕೆ ಬಿಡಬೇಡ. 100 ಲೀಟರಿಗೆ ಒಂದು ಕೇಜಿ ಮೈಲುತುತ್ತ ಇರುತ್ತದೆ, ಅದರ ತಾಮ್ರ ಮೀನಿಗೆ ವಿಷ, ನಮ್ಮಂಥ ಮೆದು ನೀರಿನಲ್ಲಿ ಇನ್ನೂ ಜಾಸ್ತಿ ವಿಷ. ಕೆಸರಿಗೆ ಸೇರಿದ ತಾಮ್ರ ಕೊಳೆತು ಹೋಗುವುದೂ ಇಲ್ಲ. ತೋಟದ ಬಸಿಗಾಲುವೆ ಹೊಂಡದ ಕಡೆ ತಿರುಗಿದ್ದರೆ ಈಗಲೇ ತಪ್ಪಿಸು. ನಿನ್ನಪ್ಪನಿಗೂ ಹೇಳು, ಅವನು ಕೈಕಾಲು ತೊಳೆಯೋಕೆ ಹತ್ತಿರ ಸಿಕ್ಕ ನೀರಿಗೇ ಹೋಗುವವನು.

ಏಪ್ರಿಲ್ ಹೊತ್ತಿಗೆ ಮೀನು ಹಿಡಿದು, ನೀರು ಖಾಲಿ ಮಾಡಿ, ತಳ ಬಿರುಕು ಬಿಡುವವರೆಗೆ ಒಣಗಿಸು. ಕಪ್ಪು ಕೆಸರು ಬೂದಿ ಬಣ್ಣಕ್ಕೆ ತಿರುಗಿ ವಾಸನೆ ಹೋಗಬೇಕು. ಆಮೇಲೆ ಮೇಲಿನದ್ದನ್ನು ಕೆರೆಸಿ ಅಡಿಕೆ ಬುಡಕ್ಕೆ ಹಾಕು, ಒಂದು ಅರ್ಧ ಗೇಣು ಹಾಗೇ ಇರಲಿ, ಕೆಂಪು ಮಣ್ಣು ಕಾಣುವ ಹಾಗೆ ಕೆರೆಸಿದರೆ ಮತ್ತೆ ಮೊದಲಿಂದ ಶುರು.

ಕೆರೆಸುವ ದಿನ ನನಗೊಂದು ಫೋನ್ ಮಾಡು. ಈ ಸಲ ನಮ್ಮ ತೋಟಕ್ಕೆ ಹೊಸ ಮಣ್ಣು ಹಾಕಿಲ್ಲ, ಎರಡು ಪಿಕಪ್ ಗೋಡು ಬೇಕು. ಬಾಡಿಗೆ ನಾನೇ ಕೊಡ್ತೀನಿ, ಬರುವಾಗ ಎರಡು ಮೃಗಾಲ್ ಹಾಕಿ ಕಳಿಸು, ಕಾಟ್ಲಾ ಬೇಡ.

ನಿನ್ನ ದೊಡ್ಡಮ್ಮ