ಶುಲ್ಕ ಪಡೆದೂ ಸ್ಟ್ಯಾಟಿಕ್ ಐಪಿ ವಿಳಾಸವನ್ನು ತಿಳಿಸದೆ ತೆಗೆದುಹಾಕಿದ್ದರಿಂದ ಮನೆಯ ಸರ್ವರ್‌ನ ಬ್ಯಾಕಪ್ ನಿಂತುಹೋದ ಕುರಿತು ದೂರು

ಸಾಗರ, ಶಿವಮೊಗ್ಗ ಜಿಲ್ಲೆ
ದಿನಾಂಕ: 12 ಮೇ 2025

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ದೂರು ವಿಭಾಗ,
ಫೈಬರ್ ಇಂಟರ್ನೆಟ್ ಸೇವೆ

ಮಾನ್ಯರೇ,

ನಮ್ಮ ಮನೆಯಲ್ಲಿ 2021ರಿಂದ ನಿಮ್ಮ ಸಂಸ್ಥೆಯ ಫೈಬರ್ ಸಂಪರ್ಕವಿದೆ. 2024ರ ಜನವರಿಯಿಂದ ಅದೇ ಸಂಪರ್ಕಕ್ಕೆ ತಿಂಗಳಿಗೆ 250 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ ಒಟ್ಟು 295 ರೂಪಾಯಿಯನ್ನು ಹೆಚ್ಚುವರಿಯಾಗಿ ಕಟ್ಟಿ ಸ್ಟ್ಯಾಟಿಕ್ ಐಪಿ ವಿಳಾಸ, ಅಂದರೆ ಹೊರಗಿನಿಂದ ಇಂಟರ್ನೆಟ್ ಮೂಲಕ ನಮ್ಮ ಮನೆಯನ್ನು ತಲುಪಲು ಬದಲಾಗದ ವಿಳಾಸ, ಪಡೆದಿದ್ದೇನೆ. ಈ ವರ್ಷದ ಮಾರ್ಚ್ 18ರಂದು ನಿಮ್ಮ ಸಿಬ್ಬಂದಿ ನಮ್ಮ ಬಡಾವಣೆಯ ಉಪಕರಣಗಳನ್ನು ಬದಲಿಸಿದಾಗ ಆ ವಿಳಾಸವನ್ನು ನನಗೆ ಒಂದು ಮಾತೂ ತಿಳಿಸದೆ ತೆಗೆದುಹಾಕಲಾಯಿತು. ನಾನು ಮೂರು ಬಾರಿ ದೂರು ಕೊಟ್ಟೆ. ಮೂರು ಬಾರಿಯೂ ಏನನ್ನೂ ಸರಿಪಡಿಸದೆ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಕಳಿಸಿ ಮುಚ್ಚಿಬಿಟ್ಟಿರಿ. ಶುಲ್ಕವನ್ನು ಮಾತ್ರ ತಪ್ಪದೆ ಪಡೆದುಕೊಂಡಿದ್ದೀರಿ.

ಈ ವಿಳಾಸ ನನಗೆ ಏಕೆ ಬೇಕಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಕಾಲ್ ಸೆಂಟರಿನಲ್ಲಿ ಯಾರಿಗೂ ಅದು ಅರ್ಥವಾದಂತೆ ನನಗೆ ಕಾಣಲಿಲ್ಲ. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, 4 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗಳನ್ನು ಜೋಡಿಸಿ, ಅದನ್ನೇ ನಮ್ಮ ಕುಟುಂಬದ ಸರ್ವರ್ ಮಾಡಿಕೊಂಡಿದ್ದೇವೆ. ಎಲ್ಲರ ಮೊಬೈಲಿನ ಫೋಟೊಗಳು, ಜಮೀನಿನ ಪಹಣಿ ಮತ್ತು ಕ್ರಯಪತ್ರಗಳ ಪ್ರತಿಗಳು, ಮಕ್ಕಳ ಅಂಕಪಟ್ಟಿ, ಅಮ್ಮನ ಆಸ್ಪತ್ರೆಯ ವರದಿಗಳು ಎಲ್ಲವೂ ಅದರಲ್ಲಿವೆ. ಒಂದೇ ಮಾಹಿತಿ ಎರಡೂ ಡಿಸ್ಕ್‌ಗಳಲ್ಲಿ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಆದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ವಿದ್ಯುತ್ ಸಂಪರ್ಕದಲ್ಲಿ ಇರುವಾಗ ಬೆಂಕಿ, ಕಳವು, ಸಿಡಿಲುಗಳಿಂದ ಅವುಗಳಿಗೆ ರಕ್ಷಣೆಯಿಲ್ಲ. ಆದ್ದರಿಂದಲೇ ದಾವಣಗೆರೆಯಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಇನ್ನೊಂದು ಯಂತ್ರವಿದ್ದು, ಅದು ಪ್ರತಿ ರಾತ್ರಿ ಒಂದು ಗಂಟೆಗೆ ವೈರ್‌ಗಾರ್ಡ್ ಎಂಬ ಸುರಕ್ಷಿತ ಸಂಪರ್ಕದ ತಂತ್ರಾಂಶದ ಮೂಲಕ ನಮ್ಮ ಮನೆಯ ಸರ್ವರನ್ನು ಸಂಪರ್ಕಿಸಿ, ಆ ದಿನ ಹೊಸದಾಗಿ ಸೇರಿದ್ದನ್ನು ತನ್ನತ್ತ ನಕಲು ಮಾಡಿಕೊಳ್ಳುತ್ತಿತ್ತು. ಅವನ ಸಂಪರ್ಕಕ್ಕೆ ಪಬ್ಲಿಕ್ ಐಪಿ ಇಲ್ಲ. ಎರಡರಲ್ಲಿ ಒಂದು ಮನೆಗಾದರೂ ಹೊರಗಿನಿಂದ ತಲುಪಬಹುದಾದ ವಿಳಾಸ ಇರಲೇಬೇಕಾಗಿದ್ದುದರಿಂದ ನಾನು ನಿಮ್ಮಿಂದ ಅದನ್ನು ಕೊಂಡೆ. ಹದಿನಾಲ್ಕು ತಿಂಗಳು ಈ ವ್ಯವಸ್ಥೆ ಚೆನ್ನಾಗಿ ನಡೆಯಿತು. ಅದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತಿದ್ದೇನೆ.

ಮಾರ್ಚ್ 18ರ ರಾತ್ರಿಯಿಂದ ಬ್ಯಾಕಪ್ ನಡೆಯಲಿಲ್ಲ. 20ರಂದು ರೌಟರಿನ ಪುಟ ತೆರೆದು ನೋಡಿದಾಗ ಅಲ್ಲಿ ನನ್ನ ವಿಳಾಸದ ಬದಲು 100.79ರಿಂದ ಆರಂಭವಾಗುವ ವಿಳಾಸವಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಸೇವಾ ಸಂಸ್ಥೆಗಳ ಒಳಬಳಕೆಗೆಂದೇ 2012ರಲ್ಲಿ ಆರ್‌ಎಫ್‌ಸಿ 6598 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯ ಮೂಲಕ ಮೀಸಲಿಡಲಾಗಿದೆ. ಅಂದರೆ ನನ್ನನ್ನು ಸಿಜಿನ್ಯಾಟ್‌ನ ಹಿಂದೆ ಸೇರಿಸಿ, ಹಲವು ಮನೆಗಳಿಗೆ ಒಂದೇ ಪಬ್ಲಿಕ್ ವಿಳಾಸ ಹಂಚುವ ವ್ಯವಸ್ಥೆಗೆ ಒಳಪಡಿಸಲಾಗಿತ್ತು. ಈ ವ್ಯವಸ್ಥೆಯಲ್ಲಿ ಮನೆಯಿಂದ ಹೊರಗೆ ಹೋಗುವ ಸಂಪರ್ಕಕ್ಕೆ ಅಡ್ಡಿಯಿಲ್ಲ. ವಿಡಿಯೊ ನೋಡಬಹುದು, ಹಣ ಕಳಿಸಬಹುದು. ಹೊರಗಿನಿಂದ ಮನೆಗೆ ಬರಬೇಕಾದ ಸಂಪರ್ಕ ಮಾತ್ರ ನಿಮ್ಮ ಉಪಕರಣದಲ್ಲೇ ನಿಂತುಹೋಗುತ್ತದೆ, ನನ್ನ ರೌಟರಿನಲ್ಲಿ ಹೊರಗಿನ ಸಂಪರ್ಕವನ್ನು ಸರ್ವರಿಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿದ್ದರೂ ಪ್ರಯೋಜನವಾಗುವುದಿಲ್ಲ.

ಇಷ್ಟನ್ನೂ ನಾನು ಮಾರ್ಚ್ 20ರ ಮೊದಲ ದೂರಿನಲ್ಲೇ ಬರೆದಿದ್ದೆ. ಮರುದಿನ ಬಂದ ಸಿಬ್ಬಂದಿ ಸ್ಪೀಡ್ ಟೆಸ್ಟ್ ಮಾಡಿ, 100 ಎಂಬಿಪಿಎಸ್ ಬರುತ್ತಿದೆಯಲ್ಲ ಎಂದು ತೋರಿಸಿ, ಮುಖ್ಯ ಕಚೇರಿಗೆ ತಿಳಿಸಿದ್ದೇನೆ, ಎರಡು ದಿನದಲ್ಲಿ ಸರಿಯಾಗುತ್ತದೆ ಎಂದು ಹೇಳಿ ಹೋದರು. ಅವರು ಗೇಟು ದಾಟುವ ಮೊದಲೇ ದೂರು ಪರಿಹಾರವಾದ ಸಂದೇಶ ಬಂದಿತ್ತು. ಮಾರ್ಚ್ 29ರ ದೂರಿಗೆ ರೌಟರನ್ನು ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ, ಮತ್ತೆ ಎರಡು ದಿನದ ಮಾತು. ಏಪ್ರಿಲ್ 14ರ ದೂರಿಗೆ, ಇಷ್ಟೆಲ್ಲ ಏಕೆ ಸರ್, ಕ್ಲೌಡ್‌ನಲ್ಲಿ ಇಟ್ಟುಕೊಳ್ಳಿ ಎಂಬ ಸಲಹೆ. ನನ್ನ ಕುಟುಂಬದ ಕಡತಗಳನ್ನು ಎಲ್ಲಿ ಇಡಬೇಕು ಎಂಬುದು ನನ್ನ ನಿರ್ಧಾರ. ಅದಕ್ಕೆ ಬೇಕಾದ ಸೇವೆಯನ್ನು ನೀವೇ ಬೆಲೆ ಕಟ್ಟಿ ಮಾರಿದ ಮೇಲೆ, ಅದು ಬೇಡವೆಂದು ಸಲಹೆ ಕೊಡುವುದು ಉತ್ತರವಾಗಲಾರದು.

ಏಪ್ರಿಲ್ 25ರ ಸಂಜೆ, ಅಶ್ವಿನಿ ಮಳೆಯ ಗುಡುಗಿನಲ್ಲಿ, ನಮ್ಮ ಮನೆಯ ಪಕ್ಕದ ವಿದ್ಯುತ್ ಕಂಬಕ್ಕೆ ಸಿಡಿಲು ಬಡಿಯಿತು. ಸರ್ವರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸುಟ್ಟು, ಅದರೊಂದಿಗೆ ಎರಡೂ ಡಿಸ್ಕ್‌ಗಳು ಹೋದವು. 38 ರಾತ್ರಿಗಳಿಂದ ಬ್ಯಾಕಪ್ ಆಗಿರಲಿಲ್ಲವಾದ್ದರಿಂದ ಆ ಅವಧಿಯಲ್ಲಿ ಸೇರಿದ್ದರ ಪ್ರತಿ ದಾವಣಗೆರೆಯಲ್ಲಿ ಇಲ್ಲ. ಕೈಯಿಂದಲೇ ನಕಲು ಮಾಡಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾಗದಪತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ, ಅವು ಉಳಿದಿವೆ. 130 ಜಿಬಿಗೂ ಹೆಚ್ಚಿದ್ದ ವಿಡಿಯೊಗಳಿಗೆ ಅದರಲ್ಲಿ ಜಾಗವಿರಲಿಲ್ಲ, ಮತ್ತು ಎರಡು ದಿನದಲ್ಲಿ ಸರಿಯಾಗುತ್ತದೆ ಎಂಬ ನಿಮ್ಮ ಮಾತನ್ನು ನಾನು ನಂಬಿದ್ದೆ.

ಆ ವಿಡಿಯೊಗಳು ಏನು ಎಂಬುದು ನಿಮಗೆ ತಿಳಿದಿರಲಿ. ನನ್ನ ಅಮ್ಮನ ತವರೂರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಊರು ಬಿಡುವ ಮುಂಚೆ ಸೋದರಮಾವ ಬಾಕ್ಸ್ ಕ್ಯಾಮೆರಾದಲ್ಲಿ ತೆಗೆದಿದ್ದ 212 ನೆಗೆಟಿವ್‌ಗಳನ್ನು ನಾವು ಈಚೆಗೆ ಸ್ಕ್ಯಾನ್ ಮಾಡಿಸಿದೆವು. ಮಾರ್ಚ್ ಕೊನೆಯಲ್ಲಿ ಪುಣೆಯಿಂದ ಚಿಕ್ಕಮ್ಮ ಬಂದು ಎರಡು ವಾರ ಇದ್ದರು. ಅಕ್ಕತಂಗಿಯರಿಬ್ಬರೂ ಒಂದೊಂದೇ ಚಿತ್ರ ನೋಡುತ್ತಾ, ಇದು ಯಾರ ಮನೆಯ ಅಂಗಳ, ಈ ಕೂಸು ಯಾರದು, ತೋಟಕ್ಕೆ ಇಳಿಯುವ ದಾರಿ ಎತ್ತ ಇತ್ತು, ಆ ಮನೆಯವರು ಆಮೇಲೆ ಯಾವ ಊರಿಗೆ ಹೋಗಿ ನೆಲೆಸಿದರು ಎಂದು ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾ ಹೇಳಿದ್ದನ್ನು ನನ್ನ ಮಗಳು ಹದಿನಾಲ್ಕು ಗಂಟೆಗಳಷ್ಟು ಚಿತ್ರೀಕರಿಸಿದ್ದಳು. ಮೊಬೈಲಿನಲ್ಲಿ ಜಾಗ ಸಾಲದೆ, ದಿನದ ಕೊನೆಗೆ ಸರ್ವರಿಗೆ ಹಾಕಿ ಅಲ್ಲಿಂದ ಅಳಿಸುತ್ತಿದ್ದಳು. ನೆಗೆಟಿವ್‌ಗಳು ಈಗಲೂ ಇವೆ. ಅವುಗಳಲ್ಲಿ ಇರುವವರ ಹೆಸರುಗಳು ಹೋಗಿವೆ. ಅಮ್ಮ ಮತ್ತೆ ಕುಳಿತು ಹೇಳಲು ಆರಂಭಿಸಿದ್ದಾರೆ, ಆದರೆ ಅವರಿಗೆ 82 ವರ್ಷ, ಚಿಕ್ಕಮ್ಮ ಪಕ್ಕದಲ್ಲಿಲ್ಲ, ಅರ್ಧಕ್ಕರ್ಧ ಮುಖಗಳಲ್ಲಿ ಅವರ ಬೆರಳು ತಡೆಯುತ್ತದೆ.

ಸಿಡಿಲಿಗೆ ನೀವು ಹೊಣೆಯಲ್ಲ, ಆದ್ದರಿಂದ ಡಿಸ್ಕ್‌ಗಳ ಬೆಲೆಯನ್ನು ನಾನು ಕೇಳುತ್ತಿಲ್ಲ. ಐಪಿವಿ4 ಎಂಬ ಹಳೆಯ ಮಾದರಿಯ ಐಪಿ ವಿಳಾಸಗಳ ಒಟ್ಟು ಸಂಖ್ಯೆಯೇ ಸುಮಾರು 429 ಕೋಟಿ ಎಂಬುದೂ, ಅವುಗಳ ಕೊರತೆಯಿಂದಲೇ ಸಿಜಿನ್ಯಾಟ್ ಬಂದಿದೆ ಎಂಬುದೂ ನನಗೆ ಗೊತ್ತಿದೆ. ಆ ಕೊರತೆಯ ಕಾರಣಕ್ಕೇ ಅಲ್ಲವೇ ನೀವು ಪ್ರತ್ಯೇಕ ಶುಲ್ಕ ಪಡೆಯುವುದು? ಸಿಡಿಲಿನಂಥ ದಿನಕ್ಕೆಂದೇ ಇಟ್ಟುಕೊಂಡಿದ್ದ ಎರಡನೆಯ ಪ್ರತಿ ನಿಮ್ಮ ಲೋಪದಿಂದ ಇಲ್ಲವಾಯಿತು ಎಂಬುದೇ ನನ್ನ ದೂರು.

ನನ್ನ ಹಳೆಯ ಸ್ಟ್ಯಾಟಿಕ್ ಐಪಿ ವಿಳಾಸವನ್ನು, ಅದು ಸಾಧ್ಯವಿಲ್ಲದಿದ್ದರೆ ಬೇರೊಂದನ್ನು, ಏಳು ದಿನಗಳೊಳಗೆ ಮರಳಿ ಕೊಡಬೇಕು. ಮಾರ್ಚ್ 18ರಿಂದ ಪಡೆದಿರುವ ಶುಲ್ಕವನ್ನು ಹಿಂದಿರುಗಿಸಬೇಕು. ಬೆಂಗಳೂರಿನ ದತ್ತಾಂಶ ಮರುಪಡೆಯುವ ಪ್ರಯೋಗಾಲಯವೊಂದು ಒಂದು ಡಿಸ್ಕಿನಿಂದ ಭಾಗಶಃ ತೆಗೆಯಬಹುದೆಂದು ಹೇಳಿ 38,000 ರೂಪಾಯಿಯ ಅಂದಾಜು ಕೊಟ್ಟಿದೆ. ಎರಡನೆಯ ಪ್ರತಿ ಇದ್ದಿದ್ದರೆ ಈ ಖರ್ಚೇ ಬರುತ್ತಿರಲಿಲ್ಲವಾದ್ದರಿಂದ ಅದನ್ನು ನೀವು ಭರಿಸಬೇಕು. ಮಾರ್ಚ್ 18ರಂದು ಇದೇ ಬಡಾವಣೆಯಲ್ಲಿ ಶುಲ್ಕ ಕಟ್ಟಿಯೂ ವಿಳಾಸ ಕಳೆದುಕೊಂಡವರು ಬೇರೆ ಯಾರಾದರೂ ಇದ್ದರೆ, ಅವರು ಕೇಳುವ ಮೊದಲೇ ಅವರಿಗೆ ತಿಳಿಸಬೇಕೆಂದೂ ಕೋರುತ್ತೇನೆ.

ಮೂರು ದೂರುಗಳ ಸಂದೇಶಗಳು, ರೌಟರ್ ಪುಟದ ಚಿತ್ರಗಳು, 38 ರಾತ್ರಿಗಳ ವಿಫಲ ಬ್ಯಾಕಪ್‌ನ ಲಾಗ್, ಬಿಲ್ಲುಗಳು ಮತ್ತು ಪ್ರಯೋಗಾಲಯದ ಅಂದಾಜನ್ನು ಲಗತ್ತಿಸಿದ್ದೇನೆ. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ಕಾರಣಕ್ಕೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸುತ್ತೇನೆ. ಅಲ್ಲಿಯವರೆಗೆ ಈ ದೂರನ್ನು, ನಾನು ಬರಹದಲ್ಲಿ ಒಪ್ಪುವ ಮುನ್ನ, ‘ಪರಿಹಾರವಾಗಿದೆ’ ಎಂದು ಮುಚ್ಚಬಾರದಾಗಿ ವಿನಂತಿ.

ಇಂತಿ,
ತಮ್ಮ ವಿಶ್ವಾಸಿ,
ಸಾಗರದ ಚಂದಾದಾರ